ವರಾಂಡದ ಪ್ಲಗ್ಗು

ನಮ್ಮ ಮನೆಯ ವರಾಂಡದ ಗೋಡೆಯಲ್ಲಿ 15 ಆಂಪಿಯರಿನ ಒಂದು ದಪ್ಪ ಪ್ಲಗ್ಗಿದೆ. ಮನೆ ಕಟ್ಟಿಸಿದ ವರ್ಷ ಹಿಟ್ಟು ರುಬ್ಬುವ ಗ್ರೈಂಡರಿಗೆಂದು ಹಾಕಿಸಿದ್ದು. ಗ್ರೈಂಡರು ಅಡುಗೆಮನೆ ಸೇರಿ ಎಷ್ಟೋ ಕಾಲವಾಯಿತು, ಪ್ಲಗ್ಗು ಮಾತ್ರ ಧೂಳು ತಿನ್ನುತ್ತಾ ಅಲ್ಲಿಯೇ ಉಳಿದಿತ್ತು. ಈ ಪ್ಲಗ್ಗು ಮುಂದೊಂದು ದಿನ ನಮ್ಮಿಬ್ಬರ ನಡುವೆ ಜಗಳ ತಂದೀತು, ಬೀದಿಯವರ ಮುಂದೆ ನಾವು ತಲೆ ತಗ್ಗಿಸುವಂತೆ ಮಾಡೀತು ಎಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನಾವು ಜಹೀರಾಬಾದಿನವರು. ಇಬ್ಬರೂ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು, ಹೀಗೆ ಮೂರು ನಾಲಿಗೆಯ ಊರು ನಮ್ಮದು. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಹಂಚಿಕೆಯಾಗುವವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ್ ಬೀದರ್ ಜಿಲ್ಲೆಗೂ, ತಾಂಡೂರು ಗುಲಬರ್ಗಾ ಜಿಲ್ಲೆಗೂ ಸೇರಿದ್ದವು. ಆ ನಂಟು ಇನ್ನೂ ಬಿಟ್ಟಿಲ್ಲ. ನಮ್ಮಲ್ಲೊಬ್ಬರ ತವರು ತಾಂಡೂರು, ಇನ್ನೊಬ್ಬರ ಅಣ್ಣ ನಾರಾಯಣಖೇಡದಲ್ಲಿ, ಮಗಳನ್ನು ಕೊಟ್ಟದ್ದು ಬೀದರಿಗೆ. ಹಬ್ಬ, ಜ್ಞಾನಸ್ನಾನ, ಮದುವೆ, ಸಾವು ಎಂದು ತಿಂಗಳಿಗೆ ನಾಲ್ಕು ಸಲವಾದರೂ ಈ ಊರುಗಳ ನಡುವೆ ಓಡಾಟ ತಪ್ಪಿದ್ದಲ್ಲ.

2025ರ ಆರಂಭದಲ್ಲಿ ಹೈದರಾಬಾದಿನಲ್ಲಿರುವ ಮಗನ ಒತ್ತಾಯಕ್ಕೆ ಒಂದು ಚಿಕ್ಕ ಎಲೆಕ್ಟ್ರಿಕ್ ಕಾರು ಕೊಂಡೆವು. ತೆಲಂಗಾಣ ಸರ್ಕಾರ 2024ರ ನವೆಂಬರ್ 18ರಿಂದ 2026ರ ಡಿಸೆಂಬರ್ 31ರವರೆಗೆ ಇಂಥ ವಾಹನಗಳಿಗೆ ರಸ್ತೆ ತೆರಿಗೆಯನ್ನೂ ನೋಂದಣಿ ಶುಲ್ಕವನ್ನೂ ಪೂರ್ತಿ ಮನ್ನಾ ಮಾಡಿ ಆದೇಶಿಸಿತ್ತು. ಅದೂ ಒಂದು ಆಸೆ. ನಮ್ಮ ಕಾರಿನ ಬ್ಯಾಟರಿ ಹಿಡಿಯುವುದು ಸುಮಾರು 19 ಯೂನಿಟ್ ವಿದ್ಯುತ್. ಕಾಗದದ ಮೇಲೆ 250 ಕಿಲೋಮೀಟರ್ ಎಂದಿತ್ತು. ನಮ್ಮ ರಸ್ತೆಯಲ್ಲಿ, ನಮ್ಮ ಬಿಸಿಲಿನಲ್ಲಿ, ಎ.ಸಿ. ಹಾಕಿಕೊಂಡು ಹೋದರೆ 150ರ ಆಸುಪಾಸು. ಮೀಸೆ ಬೋಳಿಸಿದ ಮೇಲೆಯೇ ಮುಖ ತಿಳಿಯುವುದು, ಅಲ್ಲವೇ!

ಮೊದಲ ಪಾಠ ತಾಂಡೂರಿನಲ್ಲಾಯಿತು. ಹೋಗುವಷ್ಟಕ್ಕೆ ಚಾರ್ಜು ಧಾರಾಳವಾಗಿತ್ತು, ಹೋಗಿ ಬರುವಷ್ಟಕ್ಕೆ ಅನುಮಾನ. ‘ತವರುಮನೆಯಲ್ಲಿ ರಾತ್ರಿ ಪ್ಲಗ್ ಹಾಕಿದರಾಯಿತು’ ಎಂದುಕೊಂಡು ಹೊರಟೆವು. ತಾಂಡೂರಿನ ಮನೆ ಹಳೆಯದು. ಗೋಡೆಯೂ ನೆಲವೂ ಆ ಊರಿನ ಕಲ್ಲೇ. ವೈರಿಂಗೂ ಅಷ್ಟೇ ಹಳೆಯದು. ಊಟ ಮುಗಿಸಿ, ಕಾರಿನ ಕೇಬಲ್ಲು ಎಳೆದು ಪ್ಲಗ್ಗಿಗೆ ಸಿಕ್ಕಿಸಿದರೆ ಹಸಿರು ದೀಪದ ಬದಲು ಕೆಂಪು ದೀಪ. ತೆಗೆದು ಹಾಕಿದರೂ ಕೆಂಪು. ಇನ್ನೊಂದು ಕೋಣೆಯಲ್ಲೂ ಕೆಂಪು. ಅದೇ ಪ್ಲಗ್ಗಿನಲ್ಲಿ ಇಸ್ತ್ರಿಪೆಟ್ಟಿಗೆ ಚೆನ್ನಾಗಿಯೇ ಕಾಯುತ್ತಿತ್ತು. ತೊಂಬತ್ತರ ಹತ್ತಿರವಿರುವ ಅಮ್ಮ ಜಗುಲಿಯಲ್ಲಿ ಕುಳಿತು, ‘ಕಾರಿಗಿ ನಮ್ಮ ಮನಿ ಕರೆಂಟ್ ರುಚಿ ಹತ್ತವಲ್ದೇನ?’ ಎಂದು ನಗಾಡಿದರು.

ಮರುದಿನ ಬಂದ ಎಲೆಕ್ಟ್ರಿಷಿಯನ್ ಹುಡುಗ ಒಂದೇ ನಿಮಿಷದಲ್ಲಿ ಕಾರಣ ಹೇಳಿದ: ಅರ್ಥಿಂಗ್ ಇಲ್ಲ. ಪ್ಲಗ್ಗಿನ ಮೂರನೆಯ ತೂತು ಬರೀ ತೋರಿಕೆಗೆ, ಅದರ ಹಿಂದೆ ತಂತಿಯೇ ಇಲ್ಲ. ಇಸ್ತ್ರಿಪೆಟ್ಟಿಗೆ ಅದನ್ನೆಲ್ಲ ನೋಡುವುದಿಲ್ಲ. ಕಾರಿನ ಚಾರ್ಜರು ಮಾತ್ರ ಮೊದಲು ಮೂರನೆಯ ತಂತಿ ನಿಜವಾಗಿ ನೆಲ ಸೇರಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಕರೆಂಟು ಎಳೆಯುತ್ತದೆ. ಏನಾದರೂ ಸೋರಿದರೆ ಕಾರು ಮುಟ್ಟಿದವರ ಮೈಯಲ್ಲಿ ಹರಿಯದೆ ನೆಲಕ್ಕೆ ಹೋಗಲಿ ಎಂದು ಈ ಏರ್ಪಾಡು. ಕೊನೆಗೆ ಹಿತ್ತಲಿನ ಒಂದು ಚಪ್ಪಡಿ ಕಲ್ಲೆಬ್ಬಿಸಿ, ಗುಂಡಿ ತೋಡಿ, ಕೊಳವೆ ಇಳಿಸಿ, ಇದ್ದಿಲು ಉಪ್ಪು ತುಂಬಿ, ನಾಲ್ಕು ಕೊಡ ನೀರು ಹುಯ್ದಾಯಿತು. ಸಂಜೆಗೆ ಹಸಿರು ದೀಪ ಬಂತು. ಅಷ್ಟು ವರ್ಷ ಆ ಮನೆಯಲ್ಲಿ ನೆಲದ ರಕ್ಷಣೆಯಿಲ್ಲದೆ ಗೀಸರು, ಫ್ರಿಜ್ಜು ನಡೆಸಿದ್ದರು ಎಂಬುದು ಕಾರಿನಿಂದಾಗಿ ತಿಳಿಯಿತು. ಓದುಗರು ತಮ್ಮ ತಮ್ಮ ಮನೆಯ ಮೂರನೆಯ ತೂತನ್ನೊಮ್ಮೆ ಪರೀಕ್ಷೆ ಮಾಡಿಸಿಕೊಂಡರೆ ಒಳ್ಳೆಯದು, ಕಾರಿರಲಿ ಬಿಡಲಿ.

ಆ ರಾತ್ರಿ ಮಗ ಫೋನಿನಲ್ಲಿ ಒಂದು ಕತೆ ಹೇಳಿದ. ಪೆಟ್ರೋಲ್ ಕಾರನ್ನು ಮೊದಲು ಮಾಡಿದ ಜರ್ಮನಿಯ ಕಾರ್ಲ್ ಬೆಂಜ್‌ನ ಹೆಂಡತಿ ಬರ್ತಾ, 1888ರ ಆಗಸ್ಟ್ ತಿಂಗಳಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಆ ಗಾಡಿಯಲ್ಲಿ ಮಾನ್‌ಹೈಮ್ ಊರಿನಿಂದ ಫೋರ್ಜ್‌ಹೈಮ್ ಊರಿಗೆ ಹೊರಟಳು. ಹೆಚ್ಚುಕಡಿಮೆ 100 ಕಿಲೋಮೀಟರ್ ದಾರಿ, ಅಂದರೆ ನಮ್ಮ ಜಹೀರಾಬಾದಿನಿಂದ ಹೈದರಾಬಾದಿಗೆ ಆಗುವಷ್ಟು. ಹೋಗುತ್ತಿದ್ದುದು ತವರುಮನೆಗೆ! ದಾರಿಯಲ್ಲಿ ಇಂಧನ ಮುಗಿಯಿತು. ಆಗೆಲ್ಲಿಯ ಪೆಟ್ರೋಲ್ ಬಂಕು? ವೀಸ್‌ಲೋಖ್ ಎಂಬ ಸಣ್ಣ ಊರಿನ ಔಷಧದ ಅಂಗಡಿಯಲ್ಲಿ, ಕಲೆ ತೆಗೆಯಲು ಮಾರುತ್ತಿದ್ದ ದ್ರವವನ್ನೇ ಕೊಂಡು ಗಾಡಿಗೆ ಹುಯ್ದಳಂತೆ. ಜಗತ್ತಿನ ಮೊದಲ ಪೆಟ್ರೋಲ್ ಬಂಕು ಎಂದು ಈಗಲೂ ಆ ಅಂಗಡಿಯನ್ನೇ ತೋರಿಸುತ್ತಾರೆ. ನಮ್ಮ ಹಿತ್ತಲಿನ ಗುಂಡಿಯನ್ನು ಯಾರೂ ತೋರಿಸಲಾರರು, ಆದರೂ ಆ ಕತೆ ಕೇಳಿ ಸಮಾಧಾನವಾಯಿತು.

ಎರಡನೆಯ ಪಾಠ ನಾರಾಯಣಖೇಡದ್ದು. ಅಣ್ಣನ ಮೊಮ್ಮಗಳ ಮದುವೆ. ನೆಂಟರು ಹೆಚ್ಚಾಗಿ ಮನೆಯ ಅಂಗಳದಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಊರಿನಲ್ಲಿ ಎಲ್ಲಾದರೂ ಚಾರ್ಜ್ ಮಾಡಿಕೊಳ್ಳಬಹುದೇ ಎಂದು ಬಸ್ಸು ನಿಲ್ದಾಣದ ಕಡೆ ವಿಚಾರಿಸಿದೆವು. ಒಬ್ಬ ಮೊಬೈಲ್ ಅಂಗಡಿಯವ, ‘ಫೋನ್ ಕೊಡ್ರಿ, ಹತ್ತು ರೂಪಾಯಿ’ ಎಂದ. ಕೊನೆಗೆ ಮದುವೆ ಮಂಟಪದವರೇ ದಯೆ ತೋರಿ, ಊಟದ ಹಾಲಿನಿಂದ ಉದ್ದನೆಯ ಎಕ್ಸ್‌ಟೆನ್ಷನ್ ವೈರು ಎಳೆದುಕೊಟ್ಟರು. ಅರ್ಧ ಗಂಟೆಗೆ ಮಕ್ಕಳು ಓಡಿಬಂದು ‘ಏನೋ ಸುಟ್ಟ ವಾಸನೆ’ ಎಂದವು. ವೈರಿನ ಸುರುಳಿ ಮುಟ್ಟಲಾಗದಷ್ಟು ಕಾದಿತ್ತು. ಸೀರಿಯಲ್ ದೀಪಕ್ಕೆಂದು ತಂದ ಸಪೂರ ವೈರಿನಲ್ಲಿ ನಾವು 3.3 ಕಿಲೋವ್ಯಾಟ್, ಅಂದರೆ 14 ಆಂಪಿಯರಿಗೂ ಹೆಚ್ಚು, ಆರೇಳು ಗಂಟೆ ಹರಿಸಲು ಹೊರಟಿದ್ದೆವು! ಪಕ್ಕದಲ್ಲೇ ಶಾಮಿಯಾನದ ಬಟ್ಟೆ ತೂಗಾಡುತ್ತಿತ್ತು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಅಂದಿನಿಂದ ಎಕ್ಸ್‌ಟೆನ್ಷನ್ ವೈರಿನ ಸುದ್ದಿಗೆ ಹೋಗಿಲ್ಲ.

ನಮ್ಮ ಜಹೀರಾಬಾದ್ ಭಾಗದಲ್ಲಿ ಪ್ರತಿ ವರ್ಷ ಸಂಕ್ರಾಂತಿಯ ಸಮಯಕ್ಕೆ, ಪಸ್ತಾಪುರದ ಕಡೆಯ ಹೆಣ್ಣುಮಕ್ಕಳು ಸಿರಿಧಾನ್ಯದ ಬೀಜಗಳನ್ನು ಸಿಂಗರಿಸಿದ ಎತ್ತಿನಗಾಡಿಗಳಲ್ಲಿಟ್ಟು ಊರೂರು ತಿರುಗುವ ಜಾತ್ರೆಯೊಂದು ಹೊರಡುವುದುಂಟು. ಹೋದ ಊರಿನಲ್ಲೆಲ್ಲ ಎತ್ತಿಗೆ ಹುಲ್ಲು ನೀರು ಸಿಗುತ್ತದೆಯೇ ಎಂದು ಯಾರೂ ಚಿಂತಿಸುವುದಿಲ್ಲ. ಮಂಟಪದ ಅಂಗಳದಲ್ಲಿ ಕಾದ ವೈರು ಹಿಡಿದು ನಿಂತಾಗ ಆ ಗಾಡಿಗಳ ನೆನಪಾಯಿತು.

ಹೆದ್ದಾರಿಯ ಕತೆ ಬೇರೆ. ಪುಣೆ–ಹೈದರಾಬಾದ್ ಹೆದ್ದಾರಿ 65 ನಮ್ಮ ಊರನ್ನು ಹಾದುಹೋಗುತ್ತದೆ. ಹೆದ್ದಾರಿಗಳ ಎರಡೂ ಬದಿಯಲ್ಲಿ 25 ಕಿಲೋಮೀಟರಿಗೊಂದು ಚಾರ್ಜಿಂಗ್ ಕೇಂದ್ರವಿರಬೇಕೆಂದು ಕೇಂದ್ರ ಸರ್ಕಾರ 2018ರ ಡಿಸೆಂಬರಿನಲ್ಲಿಯೇ ಮಾರ್ಗಸೂಚಿ ಹೊರಡಿಸಿತ್ತು. 2023ರ ಮಾರ್ಚ್‌ನಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳ ಬಂಕುಗಳಲ್ಲಿ 7,432 ವೇಗದ ಚಾರ್ಜರುಗಳನ್ನು ಹಾಕಲು 800 ಕೋಟಿ ರೂಪಾಯಿ ಮಂಜೂರಾಯಿತು. ಹೈದರಾಬಾದಿಗೆ ಹೋಗುವಾಗ ಬಂಕಿನ ಚಾರ್ಜರು ನಾವೂ ಬಳಸಿದ್ದೇವೆ. ಒಂದು ಗಂಟೆಯೊಳಗೆ ಬ್ಯಾಟರಿ ಮುಕ್ಕಾಲು ತುಂಬುತ್ತದೆ, ಚಹಾ ಕುಡಿದು ಕಾಲಾಡಿಸಿ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಒಮ್ಮೆ ಮಾತ್ರ ಯಂತ್ರ ಕೆಟ್ಟು, ಇನ್ನೊಮ್ಮೆ ನಮ್ಮ ಫೋನಿನಲ್ಲಿ ಆ ಕಂಪನಿಯ ಆ್ಯಪ್ ಇಲ್ಲದೆ ಪೇಚಾಡಿದೆವು. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್ ಹಾಕಿಕೊಂಡು, ಒಂದೊಂದರಲ್ಲಿ ಮುಂಗಡ ಹಣ ತುಂಬಿಡುವುದು ನಮ್ಮಂಥ ವಯಸ್ಸಾದವರಿಗೆ ದೊಡ್ಡ ತಲೆನೋವು.

ಹೆದ್ದಾರಿ ಬಿಟ್ಟು ಒಳಗಿನ ಊರುಗಳಿಗೆ ಈ ದೊಡ್ಡ ಯಂತ್ರ ಬರುವುದು ಅಷ್ಟು ಸುಲಭವಲ್ಲ ಎಂಬುದೂ ಆಮೇಲೆ ತಿಳಿಯಿತು. ಸಾಧಾರಣ ವೇಗದ ಯಂತ್ರವೊಂದು ಎಳೆಯುವುದೇ 30 ಕಿಲೋವ್ಯಾಟ್. ಹಳ್ಳಿಯ ಅಂಚಿನಲ್ಲಿ ಕಂಬದ ಮೇಲೆ ಕುಳಿತ ಸಣ್ಣ ಟ್ರಾನ್ಸ್‌ಫಾರ್ಮರಿನ ಶಕ್ತಿ 25 ಕೆ.ವಿ.ಎ. ಅಂದರೆ ಒಂದು ಕಾರು ಬಂದು ನಿಂತರೆ ಊರಿಗೆ ಊರೇ ಕತ್ತಲೆ! ಆದ್ದರಿಂದ ಯಂತ್ರದ ಜೊತೆಗೆ ಹೊಸ ಟ್ರಾನ್ಸ್‌ಫಾರ್ಮರು, ಹೊಸ ಲೈನು ಎಲ್ಲವೂ ಬರಬೇಕು. ದಿನಕ್ಕೆ ಎರಡು ಕಾರು ಬರುವ ಊರಿನಲ್ಲಿ ಅಷ್ಟು ಹಣ ಹಾಕುವವರು ಯಾರು?

ಇಷ್ಟೆಲ್ಲ ನಮ್ಮ ಕಾರಿನ ಪುರಾಣ. ಕಾರಿಲ್ಲದಿದ್ದರೆ ನಾವು ಬಸ್ಸಿನಲ್ಲಿ ಹೋಗುತ್ತೇವೆ. ನಮ್ಮ ಹೊಟ್ಟೆಗೇನೂ ಕಡಿಮೆಯಾಗದು. ನಿಜವಾಗಿ ಹೇಳಬೇಕಾದದ್ದು ಆಟೋದವನ ಸಂಗತಿ.

ನಮ್ಮ ಬೀದಿಯ ಕೊನೆಯಲ್ಲಿ, ಬಾಡಿಗೆಯ ಮಹಡಿ ಕೋಣೆಯಲ್ಲಿ ಒಬ್ಬ ಯುವಕ ಇದ್ದಾನೆ. ಹೆಂಡತಿ, ಆರನೆಯ ತರಗತಿ ಓದುವ ಮಗಳು. ಸಾಲ ಮಾಡಿ ಎಲೆಕ್ಟ್ರಿಕ್ ಆಟೋ ತೆಗೆದುಕೊಂಡ. ನಮ್ಮ ಊರಿಗೆ ಇಂಥ ವಾಹನ ಹೊಸದಲ್ಲ. ಟ್ರ್ಯಾಕ್ಟರ್ ತಯಾರಿಸುವ ಮಹೀಂದ್ರಾ ಕಾರ್ಖಾನೆ ಇಲ್ಲಿಯೇ ಇದೆ. ಇಲ್ಲಿ ಎಲೆಕ್ಟ್ರಿಕ್ ವಾಹನಗಳ ತಯಾರಿಕೆ ವಿಸ್ತರಿಸಲು ಸುಮಾರು 1000 ಕೋಟಿ ರೂಪಾಯಿ ಹೂಡುವುದಾಗಿ 2023ರ ಫೆಬ್ರುವರಿಯಲ್ಲಿ ಸರ್ಕಾರದೊಡನೆ ಒಪ್ಪಂದವಾಯಿತು. ಆದರೆ ಆಟೋ ತಯಾರಾಗುವ ಊರಿನಲ್ಲಿ ಆಟೋಗೆ ಪ್ಲಗ್ಗು ಹುಡುಕುವ ಪಾಡು!

‘ಹೆದ್ದಾರಿಯ ಬಂಕಿಗೆ ಹೋಗಬಾರದೇ?’ ಎಂದು ನಾವೂ ಮೊದಲು ಕೇಳಿದ್ದೆವು. ಅಲ್ಲಿರುವ ಯಂತ್ರದ ಮೂತಿ ಕಾರಿಗೆ ಮಾಡಿದ್ದು, ಸಿ.ಸಿ.ಎಸ್.-2 ಎಂದು ಅದರ ಹೆಸರು. ಇವನ ಆಟೋಗೆ ಬೇಕಾದದ್ದು ಮನೆಯ 15 ಆಂಪಿಯರಿನ ಪ್ಲಗ್ಗು, ನಾಲ್ಕು ಗಂಟೆ ಸಮಯ. ಲಕ್ಷಗಟ್ಟಲೆ ಖರ್ಚಿನ ಚಾರ್ಜರಿನ ಮುಂದೆಯೇ ಅವನ ಆಟೋ ಖಾಲಿ ಬ್ಯಾಟರಿಯಲ್ಲಿ ನಿಂತಿರಬಹುದು, ಅದರಿಂದ ಒಂದು ಹನಿ ಸಿಗದು. ಇನ್ನು ಸ್ಕೂಟರುಗಳ ಮೂತಿಗಳೇ ಎರಡು ಮೂರು ಬಗೆ, ಆ ಮಾತು ಬೇಡ.

‘ಹಾಗಾದರೆ ಮನೆಯಲ್ಲೇ ಹಾಕಿಕೋ’ ಎನ್ನೋಣವೆಂದರೆ, ಮಹಡಿ ಕೋಣೆ, ಆಟೋ ನಿಲ್ಲುವುದು ಬೀದಿಯಲ್ಲಿ. ಅದಕ್ಕಿಂತ ದೊಡ್ಡದು ಬಿಲ್ಲಿನ ಲೆಕ್ಕ. ತೆಲಂಗಾಣದಲ್ಲಿ 2024ರ ಮಾರ್ಚ್‌ನಿಂದ ಬಿಳಿ ರೇಷನ್ ಕಾರ್ಡಿನವರಿಗೆ ತಿಂಗಳಿಗೆ 200 ಯೂನಿಟ್‌ವರೆಗೆ ಸೊನ್ನೆ ಬಿಲ್ಲು ಬರತೊಡಗಿತು. ಕರ್ನಾಟಕದ ಗೃಹಜ್ಯೋತಿಯ ಹಾಗೆಯೇ. ಆದರೆ 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಅವನ ಮನೆಯ ಫ್ಯಾನು, ಟಿ.ವಿ., ದೀಪಕ್ಕೆ 70–80 ಯೂನಿಟ್. ಆಟೋದ ಬ್ಯಾಟರಿ ತುಂಬಲು, ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ ದಿನಕ್ಕೆ ಸುಮಾರು 8 ಯೂನಿಟ್. 25 ದಿನ ಓಡಿಸಿದರೆ? 200! ಬಡವನ ಮನೆಗೆ ಸರ್ಕಾರ ಕೊಟ್ಟಷ್ಟನ್ನೂ ಅವನ ದುಡಿಮೆಯ ಗಾಡಿಯೊಂದೇ ತಿಂದುಬಿಡುತ್ತದೆ. ನಾವು ಕಾರಿನವರು ಆ ಬಿಲ್ಲು ತಾಳಿಕೊಂಡೇವು. ಬೀದಿಯಲ್ಲಿ ಗಾಡಿ ನಿಲ್ಲಿಸುವ ಈ ಹುಡುಗನಿಗೇ ಸಾರ್ವಜನಿಕ ಪ್ಲಗ್ಗು ಎಲ್ಲರಿಗಿಂತ ಮೊದಲು ಬೇಕಾದದ್ದು.

ಒಂದು ಸಂಜೆ ಅವನು ಗೇಟಿನ ಹೊರಗೇ ನಿಂತು, ‘ಸಾರ್, ನಿಮ್ಮ ವರಾಂಡದ ಪ್ಲಗ್ಗು...’ ಎಂದ. ಹಾಕಿಕೋ ಎಂದೆವು. ಹಣದ ಮಾತೆತ್ತಿದಾಗ ‘ಛೇ, ಅದೆಲ್ಲ ಏಕೆ’ ಎಂದದ್ದೂ ನಾವೇ. ಹೇಳುವಾಗ ಬಹಳ ಹಿತವಾಗಿತ್ತು. ಮೊದಲ ತಿಂಗಳ ಬಿಲ್ಲು ಬಂದಾಗ ಅಷ್ಟು ಹಿತವೆನಿಸಲಿಲ್ಲ. ನಮ್ಮ ಬಳಕೆ ಮೇಲಿನ ದರದ ಶ್ರೇಣಿಗೆ ಏರಿತ್ತು. ಒಬ್ಬರು ‘ಪಾಪ ಇರಲಿ’ ಎಂದರೆ ಇನ್ನೊಬ್ಬರು ‘ಪಿಂಚಣಿಯಲ್ಲಿ ಎಷ್ಟು ದಿನ?’ ಎನ್ನುವುದು. ಮರುದಿನ ಮಾತು ಅದಲುಬದಲು. ಅವನ ಮುಂದೆ ಮಾತ್ರ ಇಬ್ಬರೂ ನಗುಮುಖ. ದಾನವನ್ನೂ ಕೊಟ್ಟು ಗೊಣಗನ್ನೂ ಇಟ್ಟುಕೊಂಡರೆ ಅದು ದಾನವೇ? ಆಗ ಈ ಪ್ರಶ್ನೆ ನಮಗೆ ಹೊಳೆಯಲಿಲ್ಲ.

ಹೀಗಿರಲು ಒಂದು ರಾತ್ರಿ ತಾಂಡೂರಿನಿಂದ ಫೋನು ಬಂತು. ಅಮ್ಮನಿಗೆ ಮೈ ಸರಿಯಿಲ್ಲ, ಬೆಳಿಗ್ಗೆ ಬನ್ನಿ ಎಂದು. ಕಾರಿನಲ್ಲಿ ಚಾರ್ಜು ಕಡಿಮೆಯಿತ್ತು. ನಮ್ಮ ಮನೆಯ ಲೋಡಿನಲ್ಲಿ ಎರಡು ಗಾಡಿ ಒಟ್ಟಿಗೆ ತಡೆಯುವುದಿಲ್ಲ, ಫ್ಯೂಸು ಬೀಳುತ್ತದೆ. ರಾತ್ರಿ ಹನ್ನೊಂದಕ್ಕೆ ವರಾಂಡಕ್ಕೆ ಬಂದು ಆಟೋದ ಪ್ಲಗ್ಗು ಕಿತ್ತು ನಮ್ಮದು ಹಾಕಿದೆವು. ಕಿತ್ತವರು ಯಾರು ಎಂಬುದು ಬೇಡ, ಇಬ್ಬರೂ ಅಲ್ಲಿ ನಿಂತಿದ್ದೆವು. ಅವನನ್ನು ಎಬ್ಬಿಸಿ ಹೇಳಬಹುದಿತ್ತು. ಹೇಳಲಿಲ್ಲ. ‘ನಮ್ಮ ಪ್ಲಗ್ಗು ತಾನೇ’ ಎಂಬ ಮಾತು ಬಾಯಿಗೆ ಬರಲಿಲ್ಲ, ಮನಸ್ಸಿನಲ್ಲಿತ್ತು.

ತಾಂಡೂರಿನಲ್ಲಿ ಅಮ್ಮ ಸುಧಾರಿಸಿಕೊಂಡಿದ್ದರು. ಮೂರನೆಯ ದಿನ ಊರಿಗೆ ಮರಳಿದಾಗ, ಹಿಂದಿನ ಓಣಿಯ ಒಬ್ಬ ಅಜ್ಜಿ ನಮಗೆ ಸುದ್ದಿ ಹೇಳಿದರು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಅವರನ್ನು ಕರೆದೊಯ್ಯುವುದು ಇದೇ ಹುಡುಗ. ಆ ದಿನ ಶಾಲೆಯ ಮಕ್ಕಳನ್ನು ಬಿಟ್ಟು, ಆಸ್ಪತ್ರೆಯಿಂದ ಅಜ್ಜಿಯನ್ನು ಕರೆತರುವಾಗ ಆಟೋ ನಡುದಾರಿಯಲ್ಲಿ ನಿಂತಿತು. ಮಧ್ಯಾಹ್ನದ ಬಿಸಿಲು. ಅಜ್ಜಿಯನ್ನು ಒಳಗೆ ಕೂರಿಸಿಕೊಂಡೇ ಓಣಿಯವರೆಗೆ ಆಟೋ ತಳ್ಳಿಕೊಂಡು ಬಂದನಂತೆ. ‘ಪಾಪ, ರಾತ್ರಿ ಕರೆಂಟ್ ಹೋಗಿತ್ತಂತ್ರಿ, ಚಾರ್ಜ್ ಆಗಿರಲಿಲ್ಲಂತ’ ಎಂದರು ಅಜ್ಜಿ. ಆ ರಾತ್ರಿ ಕರೆಂಟು ಹೋಗಿರಲಿಲ್ಲ.

ಅವನಿಗೆ ತಿಳಿಯದೆ ಇದ್ದೀತೇ? ಬೆಳಿಗ್ಗೆ ಬಂದಾಗ ತನ್ನ ಕೇಬಲ್ಲು ನೆಲದ ಮೇಲೆ ಬಿದ್ದಿದ್ದನ್ನು ನೋಡಿಯೇ ಇರಬೇಕು. ನಮ್ಮ ಹೆಸರು ಹೇಳದೆ ಕರೆಂಟಿನ ಮೇಲೆ ಹಾಕಿದ್ದ.

ಅಂದು ಸಂಜೆ ಅವನ ಕೋಣೆಗೆ ಮೆಟ್ಟಿಲು ಹತ್ತಿ ಹೋದೆವು. ತಪ್ಪಾಯಿತು ಎಂದೆವು. ಅವನಿಗೇ ಮುಜುಗರವಾಗಿ ಚಹಾ ಮಾಡಿಸಲು ಓಡಿದ. ‘ಸಾರ್, ಪುಕ್ಕಟೆಯಾದ್ರೆ ನನಗೆ ಕೇಳಾಕ ಬರೂದಿಲ್ಲ’ ಎಂದ ಕೊನೆಗೆ. ಅದು ನಿಜವೇ. ಪುಕ್ಕಟೆ ಪ್ಲಗ್ಗಿಗೆ ದೂರು ಹೇಳುವ ಹಕ್ಕಿಲ್ಲ. ಬೆಲೆ ಕೊಟ್ಟಿದ್ದರೆ ‘ಏಕೆ ಕಿತ್ತಿರಿ?’ ಎಂದು ಗೇಟಿಗೆ ಬಂದು ಕೇಳುತ್ತಿದ್ದ.

ಮುಂದಿನ ವಾರವೇ ವರಾಂಡದ ಪ್ಲಗ್ಗಿಗೆ ದಪ್ಪ ತಂತಿ, ಬೇರೆ ಫ್ಯೂಸು, ಒಂದು ಸಬ್‌ಮೀಟರು ಹಾಕಿಸಿದೆವು. ಮನೆಯ ಲೋಡು ಹೆಚ್ಚಿಸಲು ಅರ್ಜಿ ಕೊಟ್ಟೆವು. ಲೈನ್‌ಮನ್ ನಕ್ಕು, ‘ಟೀಚರ್ ಮನೇಲಿ ಬಂಕ್ ತೆರೆದಿದ್ದೀರಾ?’ ಎಂದ. ಆಮೇಲೆ ಒಳ್ಳೆಯ ಮಾತು ಹೇಳಿದ. ಮನೆಯವರ ಗಾಡಿಗೆ ಮನೆಯ ಮೀಟರು ನಡೆಯುತ್ತದೆ. ಬೇರೆಯವರಿಂದ ಹಣ ಪಡೆಯುವುದಾದರೆ ಎಲೆಕ್ಟ್ರಿಕ್ ವಾಹನಕ್ಕೆಂದೇ ಇರುವ ದರದಲ್ಲಿ ಪ್ರತ್ಯೇಕ ಕನೆಕ್ಷನ್ ತೆಗೆದುಕೊಳ್ಳಿ ಎಂದ. ವಾಹನ ಚಾರ್ಜ್ ಮಾಡುವುದು ವಿದ್ಯುತ್ ಮಾರಾಟವಲ್ಲ, ಸೇವೆ, ಅದಕ್ಕೆ ಲೈಸೆನ್ಸ್ ಬೇಡವೆಂದು ಕೇಂದ್ರದ ವಿದ್ಯುತ್ ಸಚಿವಾಲಯ 2018ರಲ್ಲಿಯೇ ಸ್ಪಷ್ಟಪಡಿಸಿದೆ. ಅಂದರೆ ಕಿರಾಣಿ ಅಂಗಡಿಯವನೂ, ಚಹಾದ ಹೋಟೆಲಿನವನೂ, ಮದುವೆ ಮಂಟಪದವನೂ ಮೀಟರು ಹಾಕಿಸಿ ಒಂದೆರಡು ಪ್ಲಗ್ಗು ಇಡಬಹುದು. 2024ರ ಅಕ್ಟೋಬರಿನಲ್ಲಿ ಶುರುವಾದ ಕೇಂದ್ರದ ಪಿ.ಎಂ. ಇ-ಡ್ರೈವ್ ಯೋಜನೆಯಲ್ಲಿ ಚಾರ್ಜಿಂಗ್ ಕೇಂದ್ರಗಳಿಗೆಂದು 2,000 ಕೋಟಿ ರೂಪಾಯಿ ಇಟ್ಟಿದ್ದಾರೆ. ಕಾರುಗಳಿಗೆ 22,100 ಆದರೆ, ಎರಡು ಮತ್ತು ಮೂರು ಚಕ್ರದವುಗಳಿಗೆ 48,400 ಎಂಬುದು ಅದರ ಗುರಿ. ಅದರಲ್ಲಿ ನಾಲ್ಕಾದರೂ ತಾಂಡೂರಿನ ಮಾರುಕಟ್ಟೆಯ ಹತ್ತಿರ, ನಾಲ್ಕು ನಾರಾಯಣಖೇಡದ ಬಸ್ಸು ನಿಲ್ದಾಣದ ಎದುರು ಬಂದರೆ ನಮ್ಮಂಥವರ ವರಾಂಡಕ್ಕೆ ಬಿಡುವು ಸಿಕ್ಕೀತು. ಗಾಡಿ ಹೇಗೂ ನಾಲ್ಕಾರು ಗಂಟೆ ನಿಲ್ಲುವ ಜಾಗಗಳು ಅವು. ಅಲ್ಲಿಗೆ ಆನೆಯಂಥ ಯಂತ್ರವೇನೂ ಬೇಡ. ಅರ್ಥಿಂಗ್ ಸರಿಯಿರುವ, ಮೀಟರಿರುವ ಸಾದಾ ಪ್ಲಗ್ಗು ಸಾಕು.

ಪ್ರತ್ಯೇಕ ಕನೆಕ್ಷನ್ನಿಗೆ ಅರ್ಜಿ ಹಾಕಿದ್ದೇವೆ. ಅದು ಬರುವವರೆಗೆ ಹಣ ಮುಟ್ಟುವುದಿಲ್ಲ, ಲೆಕ್ಕ ಮಾತ್ರ ಬರೆದಿಡುವುದು ಎಂದು ಗೊತ್ತುಮಾಡಿಕೊಂಡೆವು. ಅವನು ಒಪ್ಪಬೇಕಲ್ಲ! ಭಾನುವಾರ ಬೆಳಿಗ್ಗೆ ನಮ್ಮ ಬೀದಿಯ ಮೂವರು ವೃದ್ಧರನ್ನು ಬಲಿಪೂಜೆಗೆ ಕರೆದೊಯ್ದು, ಮುಗಿದ ಮೇಲೆ ಮನೆಗೆ ಬಿಟ್ಟು ಬರುತ್ತಾನೆ. ಅವನು ನಮ್ಮ ಧರ್ಮಕೇಂದ್ರದವನಲ್ಲ. ಬಾಡಿಗೆ ಕೊಟ್ಟರೆ ‘ಮೀಟರಿನಾಗ ಹಿಡ್ಕೊಳ್ರಿ’ ಎನ್ನುತ್ತಾನೆ.

ಲೆಕ್ಕ ಬರೆಯುವುದು ಅವನ ಮಗಳು. ದಿನಾ ಬೆಳಿಗ್ಗೆ ಸಮವಸ್ತ್ರ ಹಾಕಿಕೊಂಡು ಬಂದು, ಮೀಟರಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು, ನೂರು ಪುಟದ ನೋಟುಪುಸ್ತಕದಲ್ಲಿ ತಾರೀಖು, ಅಂಕಿ ಬರೆಯುತ್ತಾಳೆ. ನಿನ್ನೆ 7.8 ಇತ್ತು. ಸ್ಕೇಲಿನಿಂದ ಗೆರೆ ಎಳೆದು ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಮೇಲೆ ‘ಟೀಚರ್ ಕಾರು’ ಎಂದು ಬರೆದಿದ್ದಾಳೆ. ನಮ್ಮ ಗಾಡಿ ರಾತ್ರಿ ಎಷ್ಟು ಹೊತ್ತಿಗೆ ಬೇಕು ಎಂದು ಹಿಂದಿನ ಸಂಜೆಯೇ ಅದರಲ್ಲಿ ನಾವು ಬರೆದಿಡಬೇಕಂತೆ. ಬರೆಯುತ್ತಿದ್ದೇವೆ.